ಜಿಡಿಪಿಯಲ್ಲಿ ಕೃಷಿಯ ಪಾಲು ಶೇ 18 ಅಷ್ಟೇ, ಮತ್ತೆ ಬೆನ್ನೆಲುಬು ಅನ್ನೋದು ಯಾಕೆ?

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಜಿಡಿಪಿಯಲ್ಲಿ ಕೃಷಿಯ ಪಾಲು ಸುಮಾರು ಶೇ 18 ಎಂದು ಪುಸ್ತಕದಲ್ಲಿದೆ. ಮುಂದಿನ ಪುಟದಲ್ಲೇ ‘ಕೃಷಿ ದೇಶದ ಬೆನ್ನೆಲುಬು’ ಎಂದೂ ಇದೆ. ಎರಡೂ ಹೇಗೆ ನಿಜ ಆಗುತ್ತೆ? ನಮಗೆ ನಾಲ್ಕು ಎಕರೆ ಹೊಲ ಇದೆ, ಗೋವಿನಜೋಳ ಹಾಕ್ತೀವಿ. ಅಣ್ಣ ಹೊಲ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ ಅಂತಿದ್ದಾನೆ. ಹೋಗೋದು ಸರಿಯಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಎರಡೂ ನಿಜವೇ. ಆದರೆ ಶೇ 18ರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆದುಕೊಳ್ಳಿ: ಶೇ 46. 2023-24ರಲ್ಲೂ ದೇಶದಲ್ಲಿ ದುಡಿಯುವ 100 ಜನರಲ್ಲಿ ಸುಮಾರು 46 ಜನ ಕೃಷಿಯಲ್ಲೇ ಇದ್ದರು.

ಲೆಕ್ಕ ಹಾಕಿ ನೋಡಿ. ದೇಶದ ವರ್ಷದ ಒಟ್ಟು ಗಳಿಕೆ, ಅಂದರೆ ಜಿಡಿಪಿ, 100 ರೂಪಾಯಿ ಅಂದುಕೊಳ್ಳಿ. 46 ಜನ ಸೇರಿ ಗಳಿಸೋದು 18 ರೂಪಾಯಿ, ತಲೆಗೆ 39 ಪೈಸೆ. ಉಳಿದ 54 ಜನ ಗಳಿಸೋದು 82 ರೂಪಾಯಿ, ತಲೆಗೆ ಒಂದೂವರೆ ರೂಪಾಯಿ. ಹತ್ತಿರ ಹತ್ತಿರ ನಾಲ್ಕು ಪಟ್ಟು! ಕೃಷಿಯ ಪಾಲು ಕಡಿಮೆಯಾಗಿದೆ ಅನ್ನೋದು ನನಗೆ ಚಿಂತೆಯ ವಿಷಯವಲ್ಲ. 1950-51ರಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಇತ್ತು ನಿಜ. ಆದರೆ ಆಗ ನಾವು ಬೆಳೆಯುತ್ತಿದ್ದದ್ದು ಸುಮಾರು 5 ಕೋಟಿ ಟನ್ ಆಹಾರಧಾನ್ಯ, 2023-24ರಲ್ಲಿ ಬೆಳೆದದ್ದು 33 ಕೋಟಿ ಟನ್. ಹೊಲ ಹಿಂದೆ ಬೀಳಲಿಲ್ಲ, ಉಳಿದ ವಲಯಗಳು ಇನ್ನೂ ಬೇಗ ಬೆಳೆದವು. ಅಷ್ಟೇ ವೇಗದಲ್ಲಿ ಜನರಿಗೆ ಹೊಲದಾಚೆ ಕೆಲಸ ಸಿಗಲಿಲ್ಲ ಅನ್ನೋದೇ ನನಗೆ ನೋವಿನ ಸಂಗತಿ.

ಇನ್ನು ಆ 18ರ ಹಿಂದೆ ಏನೇನಿದೆ ನೋಡೋಣ. ನಿಮ್ಮ ಗೋವಿನಜೋಳವನ್ನೇ ತಗೊಳ್ಳಿ. ಬೆಳೆಯ ಬೆಲೆಯಲ್ಲಿ ಬೀಜ, ಗೊಬ್ಬರ, ಡೀಸೆಲ್‌ ಖರ್ಚು ಕಳೆದು ಉಳಿದದ್ದಷ್ಟೇ ಕೃಷಿಯ ಖಾತೆಗೆ ಹೋಗುತ್ತದೆ. ರಾಶಿ ಮುಗಿಸಿ ಚೀಲಗಳನ್ನು ಎಪಿಎಂಸಿಗೆ ಹಾಕಿದಿರಿ. ಅಲ್ಲಿಂದಾಚೆ ಲಾರಿ ಬಾಡಿಗೆ, ದಲಾಲರ ಕಮಿಷನ್, ಗೋದಾಮಿನ ಬಾಡಿಗೆ ಎಲ್ಲ ಸೇವಾ ವಲಯದ ಲೆಕ್ಕಕ್ಕೆ. ಅದೇ ಕಾಳು ಕೋಳಿ ಆಹಾರದ ಕಾರ್ಖಾನೆಗೋ ಸ್ಟಾರ್ಚ್ ಘಟಕಕ್ಕೋ ಹೋದರೆ ಅಲ್ಲಿನ ಗಳಿಕೆ ಕೈಗಾರಿಕೆಯ ಲೆಕ್ಕಕ್ಕೆ. ಮಳೆ ಕೈಕೊಟ್ಟ ವರ್ಷ ಮಾತ್ರ ಎಲ್ಲರ ಖಾತೆಗೂ ಏಟು ಬೀಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷ ಗೊಬ್ಬರದಂಗಡಿಯ ಉದ್ರಿ ವಸೂಲಾಗಲ್ಲ, ಹಮಾಲರಿಗೆ ಕೆಲಸ ಇರಲ್ಲ, ಪೇಟೆಯ ಬೈಕ್ ಶೋರೂಮಿಗೆ ಗಿರಾಕಿ ಬರಲ್ಲ. ಇದನ್ನೆಲ್ಲ ನಿಮ್ಮೂರಲ್ಲೇ ನೀವು ನೋಡಿರುತ್ತೀರಿ.

ಪೇಟೆಯವರಿಗೂ ಬಿಸಿ ತಟ್ಟುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ದೇಶದ ಚಿಲ್ಲರೆ ಹಣದುಬ್ಬರ, ಅಂದರೆ ಅಂಗಡಿ ಬೆಲೆಗಳು ವರ್ಷದಲ್ಲಿ ಏರುವ ಪ್ರಮಾಣ, ಜೂನ್‌ನಲ್ಲಿ ಶೇ 4.87 ಇದ್ದದ್ದು ಒಂದೇ ತಿಂಗಳಲ್ಲಿ ಶೇ 7.44ಕ್ಕೆ ಏರಿತು. ಹಣದುಬ್ಬರ ಅಳೆಯುವ ಆಗಿನ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯದ ಪಾಲೇ ಸುಮಾರು ಶೇ 46. ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) 2023ರ ಫೆಬ್ರುವರಿಯಿಂದ ಎರಡು ವರ್ಷ ಶೇ 6.5ರಿಂದ ಇಳಿಸಲಿಲ್ಲ. ಆಹಾರದ ಬೆಲೆ ಇಳಿಯದಿದ್ದದ್ದು ಅದಕ್ಕೊಂದು ದೊಡ್ಡ ಕಾರಣ. ಬೆಂಗಳೂರಿನ ಫ್ಲ್ಯಾಟಿನ ಸಾಲದ ಕಂತಿಗೂ ಹೊಲಕ್ಕೂ ಹೀಗೆ ನಂಟಿದೆ.

ಇನ್ನು ಅಣ್ಣನ ವಿಷಯ. ಹೊಲ ಬಿಟ್ಟು ಬೇರೆ ಕೆಲಸಕ್ಕೆ ಹೋಗೋದು ತಪ್ಪಲ್ಲ. ಮುಂದೆ ಬಂದ ದೇಶಗಳಲ್ಲೆಲ್ಲ ಹಾಗೇ ಆಗಿದೆ. ಚೀನಾದಲ್ಲಿ 1978ರಲ್ಲಿ 100ಕ್ಕೆ 70 ಜನ ಕೃಷಿಯಲ್ಲಿದ್ದರು, ಈಗ ಕಾಲು ಭಾಗಕ್ಕಿಂತ ಕಡಿಮೆ. ಅಲ್ಲಿ ಮೊದಲು ಸಾಮೂಹಿಕ ಬೇಸಾಯ ಬಿಟ್ಟು ಹೊಲವನ್ನು ಮನೆಮನೆಗೆ ಗುತ್ತಿಗೆ ಕೊಟ್ಟರು. ಇಳುವರಿ ಹೆಚ್ಚಿತು, ಹಳ್ಳಿಯವರ ಕೈಯಲ್ಲಿ ಕಾಸು ಓಡಾಡಿತು. ಆಮೇಲೆ ಹಳ್ಳಿ, ಹೋಬಳಿ ಮಟ್ಟದಲ್ಲೇ ಸಣ್ಣ ಕಾರ್ಖಾನೆಗಳು ಎದ್ದವು, ಹೊಲ ಬಿಟ್ಟವರಿಗೆ ಹತ್ತಿರದಲ್ಲೇ ಕೆಲಸ ಸಿಕ್ಕಿತು. ನಮ್ಮಲ್ಲಿ ಐಟಿ ಬೆಳೆಯಿತು, ಆದರೆ ಅದಕ್ಕೆ ಡಿಗ್ರಿ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಾಡಿದವರಿಗೆ ಬೇಕಾದಷ್ಟು ಕಾರ್ಖಾನೆ ಬರಲಿಲ್ಲ. ಹಾಗಾಗಿಯೇ ಕೊರೊನಾ ಬಂದಾಗ ಲಕ್ಷಾಂತರ ಜನ ಊರಿಗೆ ವಾಪಸ್ ಬಂದರು. ಶೇ 42ರ ಆಸುಪಾಸಿಗೆ ಇಳಿದಿದ್ದ ಕೃಷಿ ದುಡಿಮೆಯ ಪಾಲು ಮತ್ತೆ 46ಕ್ಕೆ ಏರಿತು. ಅವರನ್ನೆಲ್ಲ ಸಾಕಿದ್ದು ಹೊಲವೇ.

ನಾಲ್ಕು ಎಕರೆ ಇಬ್ಬರಿಗೆ ಪಾಲಾದರೆ ತಲಾ ಎರಡೆಕರೆ. ಬರೀ ಗೋವಿನಜೋಳ ನಂಬಿಕೊಂಡು ಅಷ್ಟರಲ್ಲಿ ಎರಡು ಸಂಸಾರ ನಡೆಸೋದು ಕಷ್ಟ. ಅದಕ್ಕೇ ಒಬ್ಬರು ಹೊರಗೆ ದುಡಿಯೋದು ಒಳ್ಳೆಯದೇ. ಆದರೆ ಯಾವ ಕೆಲಸ ಅಂತ ಮೊದಲು ಗೊತ್ತುಮಾಡಿಕೊಳ್ಳಲಿ. ಬಾಡಿಗೆ, ಊಟ ಕಳೆದು ಮನೆಗೆ ಕಳಿಸೋಕೆ ಏನೂ ಉಳಿಯಲ್ಲ ಅಂದ್ರೆ, ಒಂದು ವರ್ಷ ಐಟಿಐಯಲ್ಲಿ ಕೆಲಸ ಕಲಿತು ಹೋಗೋದು ಮೇಲು. ಹೊಲ ಮಾತ್ರ ಮಾರಬೇಡಿ. ಅವನ ಪಾಲನ್ನೂ ನೀವೇ ಸಾಗುವಳಿ ಮಾಡೋದಾದರೆ, ವರ್ಷಕ್ಕೆ ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ.