ಹೊಸ ಯಂತ್ರ ಬಂದರೆ ಸಾಕೇ?

ಬದಿಯಡ್ಕದ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ಅವರ ತಾಯಿಯವರ ರಕ್ತದಲ್ಲಿ ಪೊಟ್ಯಾಸಿಯಂ 6.1, ಅಂದರೆ ಸಹಜಕ್ಕಿಂತ ಹೆಚ್ಚು, ಇದೆಯೆಂದು ಸರ್ಕಾರಿ ಆಸ್ಪತ್ರೆಯೊಂದರ ಲ್ಯಾಬ್ ವರದಿ ಕೊಟ್ಟಿತು. ಗಾಬರಿಯಾಗಿ ಮರುದಿನ ಮಂಗಳೂರಿನಲ್ಲಿ ಪರೀಕ್ಷಿಸಿದಾಗ ಅದು ಸಹಜ ಮಟ್ಟದಲ್ಲೇ, 4.4 ಇತ್ತು. ಸರ್ಕಾರಿ ಲ್ಯಾಬ್‌ಗಳಿಗೆ ಹೊಸ ಯಂತ್ರ ಕೊಡಿಸುವಂತೆ ಪತ್ರಿಕೆ ಒತ್ತಾಯಿಸಬೇಕೆಂಬುದು ಅವರ ಬೇಡಿಕೆ.

ಮಾನ್ಯರೇ, ನಿಮ್ಮ ಆತಂಕ ಸಹಜವಾದುದು. ಆದರೆ ಯಂತ್ರದ ಮೇಲೆ ತಪ್ಪು ಹೊರಿಸುವ ಮೊದಲು ರಕ್ತದ ಮಾದರಿಯು ಯಂತ್ರವನ್ನು ತಲಪುವವರೆಗಿನ ದಾರಿಯನ್ನು ನೋಡಬೇಕು. ಲ್ಯಾಬ್‌ನ ತಪ್ಪುಗಳಲ್ಲಿ ಹೆಚ್ಚಿನವು ಆಗುವುದು ಅಲ್ಲಿಯೇ. ತೋಳಿಗೆ ಕಟ್ಟಿದ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೆ, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಯಲು ಹೇಳಿದರೆ, ಸಿರಿಂಜಿನಿಂದ ರಕ್ತವನ್ನು ಟ್ಯೂಬಿಗೆ ರಭಸವಾಗಿ ತಳ್ಳಿ ಕೆಂಪು ರಕ್ತಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಸಿಗುವ ತಿಳಿದ್ರವ) ಬೇರ್ಪಡಿಸದ ರಕ್ತವನ್ನು ಕೆಡದಿರಲೆಂದು ಫ್ರಿಜ್‌ನಲ್ಲಿಟ್ಟರೂ ಅದೇ ಗತಿ. ಕಣಗಳು ಒಡೆದ ಮಾದರಿಯ ಸೀರಮ್ ಕೆಂಪಗೆ ಕಾಣುವುದರಿಂದ ಅನುಭವಿ ಟೆಕ್ನೀಷಿಯನ್ ಅದನ್ನು ತಿರಸ್ಕರಿಸಿ ಬೇರೆ ರಕ್ತ ಕೇಳಬೇಕು. ಎಣ್ಮಕಜೆಯಿಂದ ಮೊದಲ ಬಸ್ಸಿಗೆ ಬಂದು ಸಾಲಿನಲ್ಲಿ ನಿಂತವರಿಗೆ ‘ಇನ್ನೊಮ್ಮೆ ಕೈ ಚಾಚಿ’ ಎನ್ನುವುದು ಸುಲಭವಲ್ಲ, ಬೈಗುಳವೂ ಸಿಗಬಹುದು. ಆದರೂ ಹಾಗೆ ಹೇಳುವ ಲ್ಯಾಬನ್ನೇ ನಾನು ನಂಬುತ್ತೇನೆ. ನಿಮ್ಮ ತಾಯಿಯವರ ವಿಷಯದಲ್ಲಿ ಆದದ್ದು ಇದೇ ಎಂದು ಇಲ್ಲಿ ಕುಳಿತು ತೀರ್ಮಾನಿಸಲಾರೆ. ನಿಜವಾಗಿಯೂ ಏರಿದ ಪೊಟ್ಯಾಸಿಯಂ ಹೃದಯಕ್ಕೆ ಅಪಾಯಕಾರಿಯಾದ್ದರಿಂದ ಎರಡೂ ವರದಿಗಳನ್ನು ವೈದ್ಯರಿಗೆ ತೋರಿಸಿರಿ.

ಇನ್ನು ಯಂತ್ರದ ಮಾತು. ಮೌಲ್ಯ ಮೊದಲೇ ತಿಳಿದಿರುವ ‘ಕಂಟ್ರೋಲ್’ ದ್ರವವನ್ನು ಪ್ರತಿದಿನ ರೋಗಿಗಳ ಮಾದರಿಗಿಂತ ಮೊದಲು ಓಡಿಸಿ, ಬಂದ ಅಂಕಿಯನ್ನು ದಿನದಿನದ ಏರಿಳಿತ ತೋರಿಸುವ ಲೆವಿ–ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತಿಸದಿದ್ದರೆ ಹೊಚ್ಚ ಹೊಸ ಯಂತ್ರವೂ ದಾರಿ ತಪ್ಪಿದ್ದು ಯಾರಿಗೂ ತಿಳಿಯದು. ಇದರ ಜೊತೆಗೆ ಹೊರಗಿನ ತಪಾಸಣೆಯೂ ಬೇಕು: ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಸಂಸ್ಥೆಗಳು ಮೌಲ್ಯ ತಿಳಿಸದ ಮಾದರಿಗಳನ್ನು ಲ್ಯಾಬ್‌ಗಳಿಗೆ ಕಳುಹಿಸಿ, ಅವು ಕೊಟ್ಟ ಉತ್ತರವನ್ನು ಇತರ ಲ್ಯಾಬ್‌ಗಳ ಉತ್ತರದೊಂದಿಗೆ ಹೋಲಿಸುತ್ತವೆ. 2022ರಲ್ಲಿ ಪರಿಷ್ಕೃತವಾದ ಐಎಸ್‌ಒ 15189 ಎಂಬ, ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡವು ಕೇಳುವುದೂ ಇಂಥ ದಾಖಲೆಗಳನ್ನೇ. ಆ ಮಾನದಂಡದ ಪ್ರಕಾರ ಲ್ಯಾಬ್‌ಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಕೊಡುವ ಮಾನ್ಯತೆಯು ಪರೀಕ್ಷೆವಾರು ಇರುತ್ತದೆ. ಮಂಗಳೂರಿನ ಲ್ಯಾಬ್‌ನ ಗೋಡೆಯ ಮೇಲೆ ಪ್ರಮಾಣಪತ್ರ ಕಂಡರೂ ನಿಮ್ಮ ಪರೀಕ್ಷೆ ಮಾನ್ಯತೆ ಪಡೆದ ಪರೀಕ್ಷೆಗಳ ಪಟ್ಟಿಯಲ್ಲಿದೆಯೇ ಎಂದು ಕೇಳುವುದು ಒಳ್ಳೆಯದು.

ಸರ್ಕಾರಿ ವ್ಯವಸ್ಥೆಯಲ್ಲಿ ಇದೆಲ್ಲ ಆಗದ ಮಾತೆನ್ನುವವರಿಗೆ ನಮ್ಮ ಕಾಸರಗೋಡು ಜಿಲ್ಲೆಯ ಕಯ್ಯೂರೇ ಉತ್ತರ. ಅಲ್ಲಿನ ಕುಟುಂಬ ಆರೋಗ್ಯ ಕೇಂದ್ರವು ರಾಷ್ಟ್ರೀಯ ಗುಣಮಟ್ಟದ ಮೌಲ್ಯಮಾಪನದಲ್ಲಿ ಶೇಕಡಾ 99 ಅಂಕ ಗಳಿಸಿತ್ತು, ಆ ಮೌಲ್ಯಮಾಪನದಲ್ಲಿ ಲ್ಯಾಬ್ ಕೂಡ ಸೇರಿರುತ್ತದೆ.

ಆದ್ದರಿಂದ ಯಂತ್ರಕ್ಕಾಗಿ ಮಾತ್ರ ಒತ್ತಾಯಿಸಲು ನನಗೆ ಮನಸ್ಸಿಲ್ಲ. ಉದ್ಘಾಟನೆಯ ಫೋಟೊ ಯಂತ್ರಕ್ಕೆ ಸಿಗುತ್ತದೆ, ಕಂಟ್ರೋಲ್ ದ್ರವದ ಬಾಟಲಿಗೆ ಸಿಗುವುದಿಲ್ಲ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತುಗಳ ಕೈಯಲ್ಲಿರುವುದರಿಂದ, ಕಂಟ್ರೋಲ್ ದ್ರವ, ಯುಪಿಎಸ್, ಯಂತ್ರದ ವಾರ್ಷಿಕ ನಿರ್ವಹಣೆ ಹಾಗೂ ಇನ್ನೊಬ್ಬ ಟೆಕ್ನೀಷಿಯನ್‌ನ ಸಂಬಳಕ್ಕೆ ಯೋಜನೆಯಲ್ಲಿ ಎಷ್ಟು ಇಟ್ಟಿದ್ದಾರೆಂದು ಗ್ರಾಮಸಭೆಯಲ್ಲೇ ಕೇಳಬಹುದು. ನಿಮ್ಮ ತಾಯಿಯವರ ಪರೀಕ್ಷೆ ನಡೆದ ದಿನದ ಕಂಟ್ರೋಲ್ ದಾಖಲೆಯನ್ನು ಆಸ್ಪತ್ರೆಯಿಂದ ಪಡೆಯಲು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿರಿ; ಬಂದ ಉತ್ತರವನ್ನು ನಮಗೂ ಕಳುಹಿಸಿರಿ, ಪ್ರಕಟಿಸುತ್ತೇವೆ.

– ಸಂಪಾದಕ