ಮೇಲಿನಿಂದ ನೋಡುವ ಉಪಗ್ರಹಕ್ಕೆ ತಳದ ಕರಗುವಿಕೆ ತಿಳಿಯುವುದು ಹೇಗೆ?

ಪ್ರಶ್ನೆ: ಅಂಟಾರ್ಕ್ಟಿಕಾದ ಐಸ್ ಶೆಲ್ಫ್‌ಗಳು ತಳದಿಂದ ಕರಗುತ್ತಿವೆ ಎಂದು ಉಪಗ್ರಹಗಳ ಆಧಾರದ ಮೇಲೆ ಹೇಳುತ್ತಾರೆ. ಉಪಗ್ರಹಕ್ಕೆ ಕಾಣುವುದು ಮೇಲ್ಮೈ ಮಾತ್ರವಲ್ಲವೇ? ನೂರಾರು ಮೀಟರ್ ದಪ್ಪದ ಮಂಜುಗಡ್ಡೆಯ ಅಡಿಯಲ್ಲಿ ನಡೆಯುವುದನ್ನು ಅದು ಅಳೆಯುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸಂದೇಹ ಸರಿಯಾಗಿಯೇ ಇದೆ. ತಳದ ಕರಗುವಿಕೆಯನ್ನು ಯಾವ ಉಪಗ್ರಹವೂ ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ಮೇಲ್ಮೈಯ ಎತ್ತರವನ್ನು ಮತ್ತು ಮಂಜುಗಡ್ಡೆಯ ಚಲನೆಯನ್ನು; ಕರಗಿದ ಪ್ರಮಾಣವನ್ನು ಅವುಗಳಿಂದ ಲೆಕ್ಕ ಹಾಕಿ ಪಡೆಯಲಾಗುತ್ತದೆ.

ನೆಲದ ಮೇಲಿನ ಮಂಜುಗಡ್ಡೆ ಕಡಲಿಗೆ ಸರಿದ ಮೇಲೂ ತುಂಡಾಗದೆ, ಹಿಂದಿನ ಭಾಗಕ್ಕೆ ಅಂಟಿಕೊಂಡೇ ತೇಲುತ್ತಿದ್ದರೆ ಅದು ಐಸ್ ಶೆಲ್ಫ್. ಅದು ತೇಲುತ್ತಿದೆ ಎಂಬುದೇ ಈ ಲೆಕ್ಕದ ಬುನಾದಿ. ಮಂಜುಗಡ್ಡೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 917 ಕೆ.ಜಿ., ಕಡಲ ನೀರಿನದು ಸುಮಾರು 1,028 ಕೆ.ಜಿ.; ಹಾಗಾಗಿ ದಪ್ಪದ ಒಂಬತ್ತನೆಯ ಒಂದು ಪಾಲಿನಷ್ಟು ಮಾತ್ರ ನೀರಿನ ಮೇಲಿರುತ್ತದೆ. ಮೇಲ್ಮೈ 1 ಮೀಟರ್ ತಗ್ಗಿತೆಂದರೆ ಒಟ್ಟು ದಪ್ಪ ಸುಮಾರು 9 ಮೀಟರ್ ಕಡಿಮೆಯಾಗಿದೆ ಎಂದರ್ಥ. ಎತ್ತರದ ಅಳತೆಯಲ್ಲಾಗುವ ತಪ್ಪೂ ಇದೇ ರೀತಿ ಒಂಬತ್ತು ಪಟ್ಟು ಹಿಗ್ಗುವುದರಿಂದ ಸೆಂಟಿಮೀಟರುಗಳ ಲೆಕ್ಕವನ್ನೂ ಬಿಡುವಂತಿಲ್ಲ.

2018ರಲ್ಲಿ ಉಡಾವಣೆಯಾದ ನಾಸಾದ ಐಸ್‌ಸ್ಯಾಟ್-2, ಸುಮಾರು 500 ಕಿ.ಮೀ. ಎತ್ತರದಿಂದ ಸೆಕೆಂಡಿಗೆ 10,000 ಬಾರಿ ಹಸಿರು ಲೇಸರ್ ಮಿಡಿತಗಳನ್ನು ಕಳುಹಿಸಿ, ಮರಳಿ ಬಂದ ಬೆರಳೆಣಿಕೆಯ ಫೋಟಾನ್‌ಗಳ (ಬೆಳಕಿನ ಕಣಗಳ) ಪ್ರಯಾಣದ ಅವಧಿಯಿಂದ ಎತ್ತರವನ್ನು ತಿಳಿಯುತ್ತದೆ. 2010ರಿಂದ ಕೆಲಸ ಮಾಡುತ್ತಿರುವ ಯುರೋಪಿನ ಕ್ರಯೋಸ್ಯಾಟ್-2 ರೇಡಾರ್ ಬಳಸುವುದರಿಂದ ಅದಕ್ಕೆ ಮೋಡಗಳ ಅಡ್ಡಿಯಿಲ್ಲ. ಆದರೆ ಅದರ ಅಲೆಗಳು ಹಿಮದೊಳಕ್ಕೆ ಸ್ವಲ್ಪ ಇಳಿಯುತ್ತವೆ, ಆ ತೊಡಕನ್ನು ಬೇರೆಯಾಗಿಯೇ ನಿಭಾಯಿಸಬೇಕು. ಉಬ್ಬರವಿಳಿತ, ಗಾಳಿಯ ಒತ್ತಡ ಮತ್ತು ಮೇಲಿನ ಹಿಮಪದರ ತನ್ನ ಭಾರಕ್ಕೆ ತಾನೇ ಕುಗ್ಗುವುದು, ಇವುಗಳನ್ನೆಲ್ಲ ಕಳೆದ ಮೇಲೆ ಉಳಿಯುವ ವ್ಯತ್ಯಾಸವೇ ಕೆಲಸಕ್ಕೆ ಬರುವಂಥದ್ದು.

ಅಲ್ಲಿಗೂ ಸಿಕ್ಕಿದ್ದು ದಪ್ಪದ ಬದಲಾವಣೆ ಮಾತ್ರ, ಕರಗುವಿಕೆಯಲ್ಲ. ಪತ್ರಿಕಾ ವರದಿಗಳು ಇವೆರಡನ್ನೂ ಒಂದೇ ಎಂಬಂತೆ ಬರೆಯುತ್ತವೆ, ಅದು ಸರಿಯಲ್ಲ. ಐಸ್ ಶೆಲ್ಫ್‌ಗೆ ಹಿಂದಿನಿಂದ ಹೊಸ ಮಂಜುಗಡ್ಡೆ ಹರಿದು ಬರುತ್ತದೆ, ಮೇಲೆ ಹಿಮ ಬೀಳುತ್ತದೆ, ಅದು ತಾನೇ ಮುಂದಕ್ಕೆ ಹರಡಿಕೊಂಡು ತೆಳುವಾಗುತ್ತದೆ. ಸೆಂಟಿನೆಲ್-1ರಂಥ ಉಪಗ್ರಹಗಳು ಕೆಲವು ದಿನಗಳ ಅಂತರದಲ್ಲಿ ತೆಗೆದ ರೇಡಾರ್ ಚಿತ್ರಗಳನ್ನು ಹೋಲಿಸಿ ಹರಿವಿನ ವೇಗವನ್ನೂ, ಹವಾಮಾನ ಮಾದರಿಗಳಿಂದ ಹಿಮಪಾತವನ್ನೂ ಪಡೆದು ಜಮಾ-ಖರ್ಚು ಹಾಕಿದಾಗ ತಾಳೆಯಾಗದೆ ಉಳಿಯುವ ಮೊತ್ತವೇ ತಳದಲ್ಲಿ ಕರಗಿದ್ದು. ಆದ್ದರಿಂದ ಎತ್ತರ ವರ್ಷಗಟ್ಟಲೆ ಬದಲಾಗದ ಐಸ್ ಶೆಲ್ಫ್ ಕೂಡ ಅಡಿಯಲ್ಲಿ ಸತತವಾಗಿ ಕರಗುತ್ತಿರಬಹುದು. ಒಳಬರುವ ಮಂಜುಗಡ್ಡೆ ಆ ನಷ್ಟವನ್ನು ತುಂಬುತ್ತಿರುತ್ತದೆ, ಅಷ್ಟೆ. ಹಿಮನದಿ ವಿಜ್ಞಾನಿ ಎರಿಕ್ ರಿಗ್ನೋ ಮತ್ತು ಸಂಗಡಿಗರು 2013ರಲ್ಲಿ ಇದೇ ಬಗೆಯ ಲೆಕ್ಕದಿಂದ, 2003ರಿಂದ 2008ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 1.32 ಲಕ್ಷ ಕೋಟಿ ಟನ್ ತಳದಿಂದ ಕರಗಿತೆಂದೂ, ಹಿಮಬಂಡೆಗಳಾಗಿ ಒಡೆದು ಹೋದದ್ದು ಸುಮಾರು 1.09 ಲಕ್ಷ ಕೋಟಿ ಟನ್ ಎಂದೂ ತೋರಿಸಿದರು. ಒಡೆಯುವುದೇ ಮುಖ್ಯ ನಷ್ಟವೆಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಗುರುತ್ವ ಅಳೆಯುವ ಗ್ರೇಸ್ ಉಪಗ್ರಹಗಳಿಂದ ಈ ಕೆಲಸ ಆಗದು. ತೇಲುವ ಮಂಜುಗಡ್ಡೆ ತನ್ನ ತೂಕದಷ್ಟೇ ನೀರನ್ನು ಸರಿಸಿರುವುದರಿಂದ, ಅದು ಕರಗಿದ ಜಾಗಕ್ಕೆ ನೀರು ಬಂದು ತೂಕ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕಡಲ ಮಟ್ಟವೂ ಇದರಿಂದ ನೇರವಾಗಿ ಏರುವುದು ಅತ್ಯಲ್ಪ. ಆದರೆ 2002ರಲ್ಲಿ ಸುಮಾರು 3,250 ಚದರ ಕಿ.ಮೀ. ವಿಸ್ತಾರದ, ಅಂಟಾರ್ಕ್ಟಿಕಾದ ಲಾರ್ಸನ್-ಬಿ ಐಸ್ ಶೆಲ್ಫ್‌ನ ಭಾಗ ಕುಸಿದ ನಂತರ, ತಡೆ ಇಲ್ಲದಂತಾಗಿ ಹಿಂದಿನ ಹಿಮನದಿಗಳು ವೇಗವಾಗಿ ಕಡಲಿಗಿಳಿದವು. ನೆಲದಿಂದ ಹಾಗೆ ಬಂದ ಮಂಜುಗಡ್ಡೆ ಮಟ್ಟವನ್ನು ಏರಿಸುತ್ತದೆ.

ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾಗಳ ನಿಸಾರ್ ಕೂಡ 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳಿ ಈ ಹರಿವಿನ ವೇಗವನ್ನು ಅಳೆಯುತ್ತದೆ. ಅಂಟಾರ್ಕ್ಟಿಕಾದ ಒಳಭಾಗವೂ ಕಾಣಲೆಂದೇ ಅದರ ರೇಡಾರನ್ನು ಪಥದ ಎಡಕ್ಕೆ ತಿರುಗಿಸಿ ಇರಿಸಲಾಗಿದೆ.