ತಪ್ಪಾದ ಮೇಲಿನ ಐದು ಸೆಕೆಂಡ್

ಪ್ರಶ್ನೆ: ನಾವು ಹಾಸನದ ಕಡೆಯವರು, ಹದಿನೆಂಟು ವರ್ಷದಿಂದ ನ್ಯೂಜೆರ್ಸಿಯಲ್ಲಿ ಇದ್ದೇವೆ. ಮಗ ಹೈಸ್ಕೂಲಿನಲ್ಲಿ 11ನೇ ಕ್ಲಾಸು, ಸ್ಕೂಲ್ ಬಾಸ್ಕೆಟ್‌ಬಾಲ್ ಟೀಮಿನ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವನು. ಎತ್ತರ 5 ಅಡಿ 11 ಇಂಚು. ಈ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 19 ಪಾಯಿಂಟ್ ಹಾಕಿದ್ದಾನೆ. ಆದರೂ ತಮ್ಮ ಟೀಮಿಗೆ ಕರೆಯಲು ಒಬ್ಬ ಕಾಲೇಜ್ ಕೋಚ್ ಕೂಡ ಫೋನ್ ಮಾಡಿಲ್ಲ. ಅವನ ಒಳ್ಳೊಳ್ಳೆ ಬಾಸ್ಕೆಟ್‌ಗಳನ್ನು ಸೇರಿಸಿ 3 ನಿಮಿಷದ ವಿಡಿಯೋ ಮಾಡಿಸಿದ್ದೇವೆ, ಒಂದು ಪೂರ್ತಿ ಪಂದ್ಯದ ರೆಕಾರ್ಡಿಂಗೂ ಇದೆ. ಎರಡನ್ನೂ ಕಳಿಸಿದ್ದೇನೆ. ಕೋಚ್‌ಗಳು ನೋಡುವುದೇನು? ಎತ್ತರ ಕಡಿಮೆಯಾಯಿತೇ?
– ಒಬ್ಬ ತಾಯಿ

ಉತ್ತರ: ಎರಡನ್ನೂ ನೋಡಿದೆ ಅಮ್ಮ. ಪೂರ್ತಿ ಪಂದ್ಯವನ್ನು ಎರಡು ಸಲ ನೋಡಿದೆ. ನಿಮ್ಮ ಮಗನಿಗೆ ಆಟ ಗೊತ್ತಿದೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಆ 3 ನಿಮಿಷದ ವಿಡಿಯೋವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಾಕಿದ್ದೆಲ್ಲ ಬಾಸ್ಕೆಟ್ ಆಗುವ ವಿಡಿಯೋ ಪ್ರತಿ ಹುಡುಗನ ಹತ್ತಿರವೂ ಇರುತ್ತದೆ. ಕೋಚ್ ಅದನ್ನು ಅರ್ಧ ನಿಮಿಷ ನೋಡಿ, ಹುಡುಗ ಇಷ್ಟವಾದರೆ ಪೂರ್ತಿ ಪಂದ್ಯ ಕೇಳುತ್ತಾರೆ.

ಆ ಪೂರ್ತಿ ಪಂದ್ಯದಲ್ಲಿ ನನ್ನ ಕಣ್ಣಿಗೆ ಬಿದ್ದ ಎರಡು ಗಳಿಗೆ ಹೇಳುತ್ತೇನೆ. ಮೂರನೇ ಕ್ವಾರ್ಟರ್‌ನಲ್ಲಿ ಅಂಕಣದ ಮಧ್ಯದಲ್ಲೇ ಎದುರಾಳಿ ಇವನ ಕೈಯಿಂದ ಬಾಲ್ ತಟ್ಟಿ ಕಿತ್ತುಕೊಂಡ. ಇವನು ಅಲ್ಲೇ ನಿಂತು ಎರಡೂ ಕೈ ಚಾಚಿ ರೆಫರಿಯ ಕಡೆ ತಿರುಗಿದ. ಅಷ್ಟರಲ್ಲಿ ಆ ಎದುರಾಳಿ ಹುಡುಗ ಒಬ್ಬನೇ ಓಡಿ ರಿಂಗಿನ ಹತ್ತಿರದಿಂದಲೇ ಬಾಲ್ ಹಾಕಿ (ಲೇಅಪ್) ಮುಗಿಸಿದ್ದ. ಐದು ಸೆಕೆಂಡ್ ಅಷ್ಟೇ. ಕಾಲೇಜ್ ಕೋಚ್ ಮೊದಲು ನೋಡುವುದು ಆ ಐದು ಸೆಕೆಂಡನ್ನೇ. ಬಾಲ್ ಹೋಗಿದ್ದನ್ನು ಯಾರೂ ದೊಡ್ಡದು ಮಾಡುವುದಿಲ್ಲ, ಗಾರ್ಡ್ ಅಂದಮೇಲೆ ಹೋಗಿಯೇ ಹೋಗುತ್ತದೆ. ಹೋದ ಮೇಲೆ ಹಿಂದಕ್ಕೆ ಓಡಿದನಾ ಇಲ್ಲವಾ ಅನ್ನುವುದೇ ಮುಖ್ಯ.

ಇನ್ನೊಂದು ನಾಲ್ಕನೇ ಕ್ವಾರ್ಟರಿನದು. ಬಾಲ್ ಹಿಡಿದು ಒಳಗೆ ನುಗ್ಗಿದ, ಇಬ್ಬರು ಅಡ್ಡ ಬಂದರು, ತಲೆ ಎತ್ತಿಯೇ ಇದ್ದುದರಿಂದ ಮೂಲೆಯಲ್ಲಿ ಖಾಲಿ ನಿಂತಿದ್ದ ಗೆಳೆಯ ಕಂಡ, ಒಂದೇ ಕೈಯಲ್ಲಿ ನೇರ ಅವನ ಎದೆಗೆ ಪಾಸ್ ಕೊಟ್ಟ. ಗೆಳೆಯ ಹಾಕಿದ್ದು ರಿಂಗಿಗೆ ಬಡಿದು ಆಚೆ ಹೋಯಿತು. ಹಾಗಾಗಿ ಅಸಿಸ್ಟ್ (ಬಾಸ್ಕೆಟ್ ಆಗಿಸಿದ ಪಾಸ್) ಅಂತ ಲೆಕ್ಕಕ್ಕೆ ಬರಲಿಲ್ಲ. ಆ 19 ಪಾಯಿಂಟಿಗಿಂತ ನನಗೆ ಇದು ಜಾಸ್ತಿ ಇಷ್ಟವಾಯಿತು. ಗಾರ್ಡ್ ಹುಡುಕಲು ಬಂದ ಕೋಚ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೂ ಇಂಥದ್ದನ್ನೇ. ಇದು ನಿಮ್ಮ 3 ನಿಮಿಷದ ವಿಡಿಯೋದಲ್ಲಿ ಇಲ್ಲ, ಅಲ್ವಾ?

ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮುಂದೆ ಎನ್‌ಬಿಎಯ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ದೊಡ್ಡ ತಾರೆಯಾದ ಸ್ಟೆಫನ್ ಕರಿ ವಿಷಯ ತೆಗೆದುಕೊಳ್ಳಿ. ನಾರ್ತ್ ಕೆರೊಲಿನಾದ ಶಾರ್ಲಟ್ ಊರಿನ ಹೈಸ್ಕೂಲಿನಲ್ಲಿದ್ದಾಗ ಸುಮಾರು 6 ಅಡಿ ಎತ್ತರ, ಕಡ್ಡಿಯಂಥ ಮೈ. ಅಪ್ಪ ಎನ್‌ಬಿಎ ಆಡಿದವರು. ಆದರೂ ಅಪ್ಪ ಓದಿದ ವರ್ಜೀನಿಯಾ ಟೆಕ್ ಕಾಲೇಜು ಸ್ಕಾಲರ್‌ಶಿಪ್ ಕೊಡಲಿಲ್ಲ, ಬೇಕಿದ್ದರೆ ಸ್ಕಾಲರ್‌ಶಿಪ್ ಇಲ್ಲದೆ ಬಂದು ಸೇರಿಕೋ ಅಂದಿತು. ಡೇವಿಡ್‌ಸನ್ ಅನ್ನುವ ಸಣ್ಣ ಕಾಲೇಜಿನ ಕೋಚ್ ಬಾಬ್ ಮೆಕಿಲಪ್ ಲಾಸ್ ವೇಗಸ್‌ನಲ್ಲಿ ಅವನ ಒಂದು ಪಂದ್ಯ ನೋಡಿದರು. ಅವತ್ತು ಕರಿ ತೀರಾ ಕೆಟ್ಟದಾಗಿ ಆಡಿದ. ಬಾಲನ್ನು ಪ್ರೇಕ್ಷಕರ ಕಡೆ ಎಸೆದ, ತನ್ನ ಕಾಲಿಗೇ ಬಡಿಸಿಕೊಂಡು ಕಳೆದುಕೊಂಡ, ಶಾಟುಗಳು ಬೀಳಲಿಲ್ಲ. ಆದರೆ ಒಂದು ಸಲವೂ ರೆಫರಿಯನ್ನು ದೂರಲಿಲ್ಲ, ಜೊತೆಯವರ ಕಡೆ ಬೆರಳು ತೋರಿಸಲಿಲ್ಲ. ಬೆಂಚಿಗೆ ಕರೆದಾಗ ತನ್ನ ಕೋಚ್ ಮುಖ ನೋಡಿ ಮಾತು ಕೇಳಿಸಿಕೊಂಡ, ಕೂತಲ್ಲಿಂದಲೇ ಗೆಳೆಯರಿಗೆ ಚಪ್ಪಾಳೆ ತಟ್ಟಿದ. ಈ ಹುಡುಗ ನಮಗೆ ಬೇಕು ಅಂತ ಮೆಕಿಲಪ್‌ಗೆ ಅನ್ನಿಸಿದ್ದು ಆ ಪಂದ್ಯ ನೋಡಿ. 2006ರಲ್ಲಿ ಕಾಲೇಜಿನ ಮೊದಲ ಪಂದ್ಯದಲ್ಲಿ ಕರಿ 13 ಸಲ ಬಾಲ್ ಕಳೆದುಕೊಂಡ. ಮರುದಿನವೇ ಮಿಷಿಗನ್ ವಿರುದ್ಧ 32 ಪಾಯಿಂಟ್ ಹಾಕಿದ.

ಇನ್ನು ಎತ್ತರ. 5 ಅಡಿ 11 ಇಂಚಿಗೆ ಬಾಗಿಲು ಮುಚ್ಚುವುದಿಲ್ಲ, ಆದರೆ ದೊಡ್ಡ ಕಾಲೇಜುಗಳಲ್ಲಿ ಬಾಗಿಲು ಕಿರಿದಾಗುತ್ತದೆ ನಿಜ. ಅದಕ್ಕಿಂತ ನನಗೆ ಚಿಂತೆ ಅವನ ಶಾಟ್‌ನದು. ಹೈಸ್ಕೂಲಿನ ಮೂರು ಪಾಯಿಂಟ್ ಗೆರೆ ರಿಂಗಿನಿಂದ 19 ಅಡಿ 9 ಇಂಚು ದೂರ, ಕಾಲೇಜಿನ ಗಂಡುಮಕ್ಕಳ ಗೆರೆ 22 ಅಡಿ ದಾಟಿದೆ. ನಿಮ್ಮ ಮಗ ಬಾಲನ್ನು ಎದೆಯ ಮಟ್ಟದಿಂದ ಎಸೆಯುತ್ತಾನೆ. ಎತ್ತರದ ಡಿಫೆಂಡರ್ ಎದುರಿಗೆ ಬಂದರೆ ಅದು ಕೈಗೆ ಸಿಕ್ಕಿಬಿಡುತ್ತದೆ. ಕರಿ ಕೂಡ ಹೈಸ್ಕೂಲಿನಲ್ಲಿ ಸೊಂಟದ ಹತ್ತಿರದಿಂದಲೇ ಎಸೆಯುತ್ತಿದ್ದ. ಒಂದು ಬೇಸಿಗೆ ಪೂರ್ತಿ ಅಪ್ಪ ಕೂರಿಸಿ ತಿದ್ದಿಸಿದರು, ಹುಡುಗ ಅತ್ತುಕೊಂಡೇ ಕಲಿತ. ಈ ಬೇಸಿಗೆಯನ್ನು ನೀವೂ ಅದಕ್ಕೇ ಇಡಿ. ಶಾಟ್ ಸುಧಾರಿಸುತ್ತಿದೆಯಾ ಅಂತ ತಿಳಿಯಲು ಫ್ರೀ ಥ್ರೋ ಲೆಕ್ಕ ಬರೆದಿಡಿ, ಅಲ್ಲಿ ಯಾರೂ ಅಡ್ಡ ಇರುವುದಿಲ್ಲ, ಕೈ ಎಷ್ಟು ಪಳಗಿದೆ ಅಂತ ನೇರವಾಗಿ ಗೊತ್ತಾಗುತ್ತದೆ.

ಫೋನ್ ಯಾಕೆ ಬಂದಿಲ್ಲ ಅನ್ನುವುದಕ್ಕೆ ಅವನ ಆಟವೊಂದೇ ಕಾರಣ ಅಲ್ಲ. ಈಗ ಆಟಗಾರರು ಕಾಲೇಜಿಂದ ಕಾಲೇಜಿಗೆ ಸುಲಭವಾಗಿ ಬದಲಾಯಿಸಬಹುದು. ಹಾಗಾಗಿ ಎರಡು ಮೂರು ವರ್ಷ ಕಾಲೇಜಿನಲ್ಲಿ ಆಡಿ ಪಳಗಿದವನು ಸಿಗುವಾಗ ಎಷ್ಟೋ ಕೋಚ್‌ಗಳು ಹೈಸ್ಕೂಲಿನ ಹುಡುಗನಿಗೆ ಕಾಯುವುದಿಲ್ಲ. ಅದಕ್ಕೇ ಕಾಯುತ್ತಾ ಕೂರಬೇಡಿ, ನೀವೇ ಮೊದಲು ಬರೆಯಿರಿ. ನೀವೇ ಅಂದರೆ ಹುಡುಗ, ಅಪ್ಪ ಅಮ್ಮ ಅಲ್ಲ. ಎತ್ತರ, ಹೈಸ್ಕೂಲ್ ಮುಗಿಸುವ ವರ್ಷ, ಜಿಪಿಎ (ಓದಿನ ಸರಾಸರಿ ಅಂಕ), ಮುಂದಿನ ಪಂದ್ಯಗಳ ದಿನಾಂಕ, ಪೂರ್ತಿ ಪಂದ್ಯದ ಲಿಂಕ್, ಇಷ್ಟು ಸಾಕು. ಆಟಕ್ಕೆ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದ್ದಾರೆ, ಡಿವಿಷನ್ ಒನ್ ಜೊತೆಗೆ ಟೂ, ತ್ರೀ ಕಾಲೇಜುಗಳಿಗೂ ಕಳಿಸಲಿ. ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎಯ ಡಿವಿಷನ್ ಒನ್‌ಗೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ಪಾಠಗಳು) ಮತ್ತು ಅವುಗಳಲ್ಲಿ ಕನಿಷ್ಠ 2.3 ಜಿಪಿಎ ಬೇಕು, ಅದನ್ನು ಸ್ಕೂಲಿನ ಕೌನ್ಸೆಲರ್ ಹತ್ತಿರ ಈ ವಾರವೇ ಕೇಳಿ.

ಮತ್ತೆ ಆ ಮೂರನೇ ಕ್ವಾರ್ಟರನ್ನು ಅವನ ಜೊತೆ ಕೂತು ನೋಡಿ. ಬೈಯಬೇಡಿ. ಒಂದು ಸಲ ನೋಡಿದರೆ ಅವನಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಮೊಮ್ಮಗ ಅಮೆರಿಕದಲ್ಲಿ, ಪೂರ್ವದ ಕಡೆ ಒಂದು ಡಿವಿಷನ್ ತ್ರೀ ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿಗೆ ಸೇರಿದ್ದಾನೆ. ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲವಂತೆ. ಹಾಗಾದರೆ ಅದು ಕೆಳದರ್ಜೆಯ ತಂಡವೇ?
– ಒಬ್ಬ ಅಜ್ಜ, ಮಂಡ್ಯ

ಉತ್ತರ: ಇಲ್ಲ ಯಜಮಾನರೇ. ಡಿವಿಷನ್ ತ್ರೀಯಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡಬಾರದು ಅನ್ನುವುದೇ ನಿಯಮ. ಓದಿನ ಮೇಲೆ, ಮನೆಯ ಆದಾಯದ ಮೇಲೆ ನೆರವು ಸಿಗುತ್ತದೆ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ. ಡಂಕನ್ ರಾಬಿನ್‌ಸನ್ ಅನ್ನುವ ಆಟಗಾರ ವಿಲಿಯಮ್ಸ್ ಎಂಬ ಡಿವಿಷನ್ ತ್ರೀ ಕಾಲೇಜಿನಿಂದ ಶುರು ಮಾಡಿ, ಮಿಷಿಗನ್‌ಗೆ ಹೋಗಿ, 2020ರಲ್ಲಿ ಮಯಾಮಿ ತಂಡದ ಪರವಾಗಿ ಎನ್‌ಬಿಎ ಫೈನಲ್ಸ್ ಆಡಿದ. ಇಂಥ ಕಾಲೇಜುಗಳು ಪಂದ್ಯಗಳನ್ನು ಇಂಟರ್‌ನೆಟ್‌ನಲ್ಲಿ ತೋರಿಸುವುದು ಈಗ ಮಾಮೂಲು. ಚಳಿಗಾಲದಲ್ಲಿ ಅಲ್ಲಿ ಸಂಜೆ 7ಕ್ಕೆ ಪಂದ್ಯ ಶುರುವಾದರೆ ನಿಮಗೆ ಮರುದಿನ ಬೆಳಿಗ್ಗೆ 5:30. ಮೊಮ್ಮಗನಿಗೆ ಹೇಳಿ ಲಿಂಕ್ ತರಿಸಿಕೊಳ್ಳಿ.